ಇಲ್ಲದ ಬೆಲ್ಟಿಗೆ 18,500 ರೂಪಾಯಿ: ಹಳೇ ಅಕಾರ್ಡ್ ಇಟ್ಟುಕೊಂಡವರು ಓದಿ

ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು ಕಡೆ ಹಳೇ ದೊಡ್ಡ ಕಾರು ಇಟ್ಟುಕೊಂಡಿರೋರು, ತಗೋಬೇಕು ಅಂತ ಆಸೆ ಪಡ್ತಿರೋರು ಇದನ್ನು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಹಾಕಲ್ಲ, ಫೋನ್ ಮಾಡಿ ಕೇಳಿದರೂ ಹೇಳಲ್ಲ. ಮಾಡಿದ ರೀತಿ ಮಾತ್ರ ಹೇಳ್ತೀನಿ.

2024ರಲ್ಲಿ ರೋಬಸ್ಟಾ ಕಾಫಿಗೆ ಎಂದೂ ಕಾಣದ ರೇಟು ಬಂತಲ್ಲ, ಆಲ್ದೂರು ಹತ್ತಿರದ ನಮ್ಮ ಆರು ಎಕರೆಗೂ ಅದರ ಪಾಲು ಸಿಕ್ಕಿತು. ದುಡ್ಡು ಕೈಗೆ ಬಂದ ತಿಂಗಳಲ್ಲೇ ಬುದ್ಧಿ ಕೈಬಿಟ್ಟಿತು. ಬೆಂಗಳೂರಿಂದ 2010ರ ಹೋಂಡಾ ಅಕಾರ್ಡ್ ತಂದೆ. 2.4 ಪೆಟ್ರೋಲ್, ಆಟೋಮ್ಯಾಟಿಕ್, 3 ಲಕ್ಷದ 40 ಸಾವಿರ. ಹೊಸದಿದ್ದಾಗ ಇಪ್ಪತ್ತು ಲಕ್ಷದ ಆಸುಪಾಸಿನ ಗಾಡಿ. ಕೊಳ್ಳೋ ದಿನ ಅದು ಆಲ್ಟೋ ರೇಟಿಗೆ ಸಿಗುತ್ತೆ, ರಿಪೇರಿಗೆ ಬಿಟ್ಟ ದಿನ ಮತ್ತೆ ಇಪ್ಪತ್ತು ಲಕ್ಷದ್ದೇ ಆಗುತ್ತೆ. ಮಾರೋನು ಇದನ್ನು ಹೇಳಲ್ಲ, ಕೊಳ್ಳೋನು ಕೇಳಲ್ಲ.

ಗಾಡಿಯ ತೊಂದರೆ ಇದ್ದಿದ್ದು ಒಂದೇ. ಹನುಮಂತಪ್ಪ ಸರ್ಕಲ್ಲಿನಲ್ಲಿ ಟ್ರಾಫಿಕ್ಕಿಗೆ ನಿಂತಾಗ, ಗೇರು ಡಿಯಲ್ಲಿ ಇಟ್ಟು ಬ್ರೇಕ್ ತುಳಿದಿದ್ದರೆ, ಸ್ಟೀರಿಂಗು, ಸೀಟು ಗಡಗಡ ಅನ್ನೋದು. ನ್ಯೂಟ್ರಲ್‌ಗೆ ಹಾಕಿದರೆ ಅರ್ಧ ಕಮ್ಮಿ. ಹೊರಟರೆ ಏನೂ ಇಲ್ಲ. ಕಂಪನಿ ಸರ್ವೀಸ್ ಸೆಂಟರಿಗೆ ಅಷ್ಟು ದೂರ ಯಾರು ಹೋಗ್ತಾರೆ ಅಂತ ಸೋಮಾರಿತನ ಮಾಡಿ ಊರಲ್ಲೇ ಒಂದು ಗ್ಯಾರೇಜಿಗೆ ಬಿಟ್ಟೆ. ಒಳ್ಳೇ ದೊಡ್ಡ ಶೆಡ್ಡು, ಎರಡು ಲಿಫ್ಟು, ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ನೋಡೋ ಹುಡುಗರು. ಓನರ್ ಬಾನೆಟ್ ಎತ್ತಿ ಕಿವಿಗೊಟ್ಟು ಕೇಳಿದ. "ಟೈಮಿಂಗ್ ಬೆಲ್ಟ್ ಹೋಗೋಕೆ ಬಂದಿದೆ ಸಾರ್. ದಾರೀಲಿ ಕಟ್ ಆದ್ರೆ ಎಂಜಿನ್ನೇ ಹೋಯ್ತು. ಗೇರ್ ಆಯಿಲೂ ಸುಟ್ಟಿದೆ" ಅಂದ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸೋ ಬೆಲ್ಟು ಅದು, ಕಡಿದರೆ ವಾಲ್ವ್ ಬಗ್ಗುತ್ತೆ ಅಂತ ನಾನೂ ಕೇಳಿದ್ದೆ. ಹೆದರಿದೆ.

ಆರು ದಿನ ಆದ ಮೇಲೆ ಚೀಟಿ ಬಂತು. ಟೈಮಿಂಗ್ ಬೆಲ್ಟ್ ಕಿಟ್ ಲೇಬರ್ ಸೇರಿ 18,500. ಗೇರ್ ಆಯಿಲ್ ಮಷಿನ್ ಫ್ಲಶ್, ಅಂದರೆ ಮಷಿನ್ ಹಚ್ಚಿ ಹಳೇ ಆಯಿಲ್ ತೆಗೆದು ಹೊಸದು ತುಂಬೋದು, 14,300. ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರಿಸಿ ನಡುಕ ತಡೆಯೋ ರಬ್ಬರ್ ಭಾಗ, ಎರಡು, 16,000. ಎಂಜಿನ್ ಆಯಿಲು, ಪ್ಲಗ್ಗು, ಕ್ಲೀನಿಂಗು ಅದು ಇದು ಅಂತ 13,000. ಒಟ್ಟು 61,800.

ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ ಅಂತ ಎಲ್ಲರೂ ಹೇಳ್ತಾರಲ್ಲ, ನಾನು ಕೇಳಿದೆ! ಒಬ್ಬ ಹುಡುಗ ಒಳಗೆ ಹೋಗಿ ಒಂದು ಬೆಲ್ಟ್ ತಂದುಕೊಟ್ಟ. ಕಪ್ಪಗೆ, ಒಳಮೈಗೆ ಹಲ್ಲು ಹಲ್ಲು, ಅಂಚಿನಲ್ಲಿ ನೂಲು ಎದ್ದಿತ್ತು. "ನೋಡಿ ಸಾರ್, ಇನ್ನೊಂದು ವಾರ ಬಿಟ್ಟಿದ್ರೆ" ಅಂದ. ನಾನು ಬೆರಳಲ್ಲಿ ನೂಲು ಎಳೆದು ನೋಡಿ, ಪುಣ್ಯ ಅಂದುಕೊಂಡು ಡಿಕ್ಕಿಗೆ ಹಾಕಿಕೊಂಡೆ. ಮನೇಲಿ ತೋರಿಸಿದೆ ಕೂಡ. ಮೌಂಟಿಂಗ್ ಎಲ್ಲಿ ಅಂದರೆ ಗುಜರಿಯವನು ಒಯ್ದ ಅಂದರು.

ಗಡಗಡ ಹಾಗೇ ಇತ್ತು. "ಸೆಟ್ ಆಗ್ಬೇಕು ಸಾರ್, ಐನೂರು ಕಿಲೋಮೀಟರ್ ಓಡ್ಸಿ." ಓಡಿಸಿದೆ. ಅದರ ಜೊತೆ ಹೊಸದೊಂದು ಶುರುವಾಯಿತು. ರಿವರ್ಸಿಗೆ ಹಾಕಿದರೆ ಒಂದು ಗಳಿಗೆ ಏನೂ ಆಗದೆ ಆಮೇಲೆ ಧಡಕ್ ಅಂತ ಹಿಡಿಯೋದು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಕಲ್ಲು ಹಾಸಿದ ರಸ್ತೆ ಮೇಲೆ ಹೋದ ಹಾಗೆ ನಡುಕ.

ಶ್ರಾವಣ ಸೋಮವಾರ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಾ ಮಳೆ, ಮಂಜು, ಹತ್ತಡಿ ಮುಂದೆ ಕಾಣ್ತಿರಲಿಲ್ಲ. ಒಂದು ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತೆ, ಗಾಡಿ ಏರಲ್ಲ. ಮೀಟರಿನಲ್ಲಿ ಡಿ ಅಕ್ಷರ ಮಿಣುಕತೊಡಗಿತು. ಹಿಂದೆ ಲಾರಿ. ಅಮ್ಮ ಹಿಂದಿನ ಸೀಟಲ್ಲಿ ಮಂಜುನಾಥನನ್ನು ಬಿಟ್ಟು ಅಣ್ಣಪ್ಪ ಸ್ವಾಮಿಯನ್ನು ಕರೆಯೋಕೆ ಶುರು ಮಾಡಿದರು, ಘಾಟಿ ಅವನದೇ ತಾನೆ. ಲಾರಿ ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹಗ್ಗ ಕಟ್ಟಿ ಎಳೀತೀವಿ ಅಂದರು, ಅದೊಂದಕ್ಕೆ ನಾನು ಒಪ್ಪಲಿಲ್ಲ. ಆಟೋಮ್ಯಾಟಿಕ್ ಗಾಡೀಲಿ ಎಂಜಿನ್ ತಿರುಗಿದರೆ ಮಾತ್ರ ಗೇರ್‌ಬಾಕ್ಸಿನ ಪಂಪ್ ಆಯಿಲ್ ತಳ್ಳೋದು, ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆದರೆ ಇದ್ದಬದ್ದ ಗೇರ್‌ಬಾಕ್ಸೂ ಹೋಗುತ್ತೆ. ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯೋ ಟೋಯಿಂಗ್ ವಾಹನವೇ ಬೇಕು. ಅದು ಬರೋಕೆ ಮೂರೂವರೆ ಗಂಟೆ. ಅಮ್ಮನನ್ನು ಯಾರದೋ ಜೀಪಿನಲ್ಲಿ ಕೊಟ್ಟಿಗೆಹಾರಕ್ಕೆ ಕಳಿಸಿದೆ. ಅವರಿಗಾದರೂ ಬಿಸಿ ನೀರುದೋಸೆ ಸಿಕ್ಕಿತು.

ಪರಿಚಯದವರೊಬ್ಬರ ಮಾತು ಕೇಳಿ ಗಾಡಿಯನ್ನು ಸೀದಾ ಹಾಸನಕ್ಕೆ ಸಾಗಿಸಿದೆ. ಅಲ್ಲೊಬ್ಬರು ಹಿರಿಯ ಮೆಕ್ಯಾನಿಕ್, ಸಣ್ಣ ಶೆಡ್ಡು, ಬೋರ್ಡೂ ಇಲ್ಲ. ನಾನು ಚೀಟಿ ಕೊಟ್ಟೆ. ಓದಿ, ಕನ್ನಡಕ ಹಣೆಗೇರಿಸಿ, "ಗೌಡ್ರೇ, ಬೆಲ್ಟ್ ಎಲ್ಲಿಗೆ ಹಾಕಿದ್ರಂತೆ?" ಅಂದರು. ಡಿಕ್ಕಿಯಿಂದ ತೆಗೆದುಕೊಟ್ಟೆ. ಬೆನ್ನ ಮೇಲಿನ ನಂಬರು ಓದಿ ನಕ್ಕರು. ಅದು ಯಾವುದೋ ಡೀಸೆಲ್ ಗಾಡಿಯ ಬೆಲ್ಟು. ಅಕಾರ್ಡಿನ 2.4 ಎಂಜಿನ್ನಿಗೆ ಟೈಮಿಂಗ್ ಬೆಲ್ಟೇ ಇಲ್ಲ, ಇರೋದು ಚೈನು! ಹೊರಗೆ ಕಾಣೋದು ಆಲ್ಟರ್ನೇಟರು, ಎಸಿ ತಿರುಗಿಸೋ ಬೆಲ್ಟು, ಅದು ಬೇರೆ, ಅದಕ್ಕೆ ಉದ್ದುದ್ದ ಗೆರೆ ಇರುತ್ತೆ ಹೊರತು ಅಡ್ಡ ಹಲ್ಲು ಇರಲ್ಲ. ಅದೇ ಅಕಾರ್ಡಿನ ಆರು ಸಿಲಿಂಡರಿನ ವಿ6 ಎಂಜಿನ್ನಿಗೆ ಮಾತ್ರ ಟೈಮಿಂಗ್ ಬೆಲ್ಟ್ ಉಂಟು. ಅದರ ಜೊತೆ ಗೊಂದಲ ಆಗಿರಬಹುದು ಅಂತ ಒಂದು ನಿಮಿಷ ನಾನೂ ಯೋಚಿಸಿದೆ. ಆದರೆ ಇಲ್ಲದ ಬೆಲ್ಟನ್ನು ಬಿಚ್ಚಿ ಕೈಗೆ ಕೊಟ್ಟಿದ್ದು ಹೇಗೆ ಮಾರಾಯ್ರೇ?

ಆಮೇಲೆ ಗಾಡಿ ಎತ್ತಿ ಟಾರ್ಚ್ ಹಿಡಿದು ಮೌಂಟಿಂಗ್ ತೋರಿಸಿದರು. ಈ ಗಾಡಿಯ ಮೌಂಟಿಂಗ್ ಒಳಗೆ ದ್ರವ ತುಂಬಿರುತ್ತೆ, ರಬ್ಬರ್ ಸೀಳಿದರೆ ಅದು ಸೋರಿ ಕಪ್ಪು ಕಲೆ ಆಗುತ್ತೆ. ಕಲೆ ಅಲ್ಲೇ ಇತ್ತು. ಬೋಲ್ಟಿನ ತಲೆ ಮೇಲೆ ವರ್ಷಗಟ್ಟಲೆಯ ಮಣ್ಣು, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ನನ್ನ ಗಡಗಡಕ್ಕೆ ಕಾರಣ ಮೊದಲಿಂದಲೂ ಅದೇ. ಅಂದರೆ ಬೇಕಾಗಿದ್ದ ಒಂದೇ ಕೆಲಸ ಮಾಡಿರಲಿಲ್ಲ.

ಗೇರ್‌ಬಾಕ್ಸಿನ ಕಥೆ ಇನ್ನೂ ಕೆಟ್ಟದು. ಆ ಕಾಲದ ಹೋಂಡಾ ಆಟೋಮ್ಯಾಟಿಕ್ ಒಳಗೆ ಬೇರೆಯವರದ್ದರ ಹಾಗಲ್ಲ, ಮ್ಯಾನ್ಯುವಲ್ ತರ ಶಾಫ್ಟುಗಳ ಮೇಲೆ ಗೇರು, ಒಂದೊಂದಕ್ಕೆ ಕ್ಲಚ್ಚು. ಅದಕ್ಕೆ ಹೋಂಡಾದ್ದೇ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಬೇಕು. ಮೊದಲು ಝಡ್1 ಅಂತ ಬರ್ತಿತ್ತು, ಈಗ ಡಿಡಬ್ಲ್ಯೂ1. ಇವರು ಡಬ್ಬದಿಂದ ಯಾವುದೋ ಕೆಂಪು ಆಯಿಲ್ ಸುರಿದಿದ್ದರು. ಸಾಲದ್ದಕ್ಕೆ ಜಾಸ್ತಿ ಬೇರೆ. ಹೋಂಡಾದಲ್ಲಿ ಗೇರ್ ಆಯಿಲ್ ಮಟ್ಟ ತೋರಿಸೋ ಕಡ್ಡಿಯನ್ನು ಗಾಡಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಬೇರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ ನೋಡ್ತಾರೆ. ಇದರಲ್ಲಿ ಹಾಗೆ ನೋಡಿದರೆ ಆಯಿಲ್ ಒಳಗೆಲ್ಲ ಹರಿದಾಡ್ತಾ ಇರುತ್ತೆ, ಕಡ್ಡಿ ಕಮ್ಮಿ ತೋರಿಸುತ್ತೆ, ಇನ್ನಷ್ಟು ಸುರೀತಾರೆ. ಜಾಸ್ತಿಯಾದ ಆಯಿಲ್ ನೊರೆ ಕಟ್ಟುತ್ತೆ, ನೊರೆಯಲ್ಲಿ ಪ್ರೆಶರ್ ಇರಲ್ಲ, ಕ್ಲಚ್ಚು ಜಾರುತ್ತೆ. ಚಾರ್ಮಾಡಿ ಏರಿನಲ್ಲಿ ಆಗಿದ್ದು ಅದೇ ಅಂದರು.

ಡ್ರೈನ್ ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ತುದಿಯ ಆಯಸ್ಕಾಂತಕ್ಕೆ ಕಪ್ಪು ಗಂಧದ ಹಾಗೆ ಲೋಹದ ಪುಡಿ ಅಂಟಿತ್ತು. ಬೆರಳಲ್ಲಿ ತೀಡಿ, "ನುಣ್ಣಗಿದೆ, ಚೂರು ಸಿಕ್ಕಿಲ್ಲ, ಉಳಿಯುತ್ತೆ" ಅಂದರು. ಪ್ಲಗ್ ತೆಗೆದರೆ ಒಂದು ಸಲಕ್ಕೆ ಇಳಿಯೋದು ಸುಮಾರು ಎರಡೂವರೆ ಲೀಟರ್, ಅರ್ಧಕ್ಕಿಂತ ಜಾಸ್ತಿ ಒಳಗೇ ಉಳಿಯುತ್ತೆ. ಅದಕ್ಕೇ ಮಷಿನ್ ಹಚ್ಚದೆ, ಮೂರು ಸಲ ಇಳಿಸಿ, ತುಂಬಿಸಿ, ನಡುನಡುವೆ ಓಡಿಸಿ ಹೋಂಡಾದ್ದೇ ಆಯಿಲ್ ಹಾಕಿದರು. ಮೌಂಟಿಂಗ್ ಹೊಸದು ಬಂತು. ಗಡಗಡ ಅವತ್ತೇ ನಿಂತಿತು. ಎರಡರಿಂದ ಮೂರಕ್ಕೆ ಸಣ್ಣ ನಡುಕ ಮಾತ್ರ ಇವತ್ತಿಗೂ ಉಳಿದಿದೆ.

ಗ್ರಾಹಕ ಆಯೋಗಕ್ಕೆ ಹೋಗೋಣ ಅಂತ ವಿಚಾರಿಸಿದೆ. 5 ಲಕ್ಷದವರೆಗಿನ ದೂರಿಗೆ ಫೀಸಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ದೂರು ಬರೆಸಬಹುದು. ಆದರೆ ನನ್ನ ಕೈಯಲ್ಲಿದ್ದದ್ದು ಜಿಎಸ್‌ಟಿ ನಂಬರ್ ಇಲ್ಲದ ಚೀಟಿ. ಅದರ ಮೇಲೆ ಅಂಗಡಿ ಹೆಸರೂ ಇರಲಿಲ್ಲ. ಫೋನಿನಲ್ಲಿ ಹಾಕಿದ್ದು 40,000, ಮಿಕ್ಕಿದ್ದು ನಗದು, ಅದಕ್ಕೆ ದಾಖಲೆಯೇ ಇಲ್ಲ. ಬಿಲ್ ಬೇಕಾದ್ರೆ ಟ್ಯಾಕ್ಸ್ ಸೇರುತ್ತೆ ಅಂದಾಗ ಬೇಡ ಅಂದವನು ನಾನೇ. ಹಾಸನದವರನ್ನು ಏನಾಗಿತ್ತು ಅಂತ ಬರೆದುಕೊಡಿ ಅಂದೆ. "ಬೇಡ ಗೌಡ್ರೇ, ನಾನೂ ಇದೇ ಲೈನಲ್ಲಿ ಬದುಕ್ಬೇಕು" ಅಂದರು. ಅವರ ಮೇಲೆ ಸಿಟ್ಟಿಲ್ಲ.

ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುವಲ್ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುತ್ತೆ. ಯಾವ ಆಯಿಲ್, ಎಷ್ಟು, ಕಡ್ಡಿ ಹೇಗೆ ನೋಡಬೇಕು, ಎಲ್ಲ ಅದರಲ್ಲಿದೆ. ನನ್ನದರಲ್ಲೂ ಇತ್ತು. ಗಾಡಿ ಬಿಡೋ ಮುಂಚೆ ಬಿಚ್ಚಬೇಕಾದ ಭಾಗ ಯಾವುದು ಅಂತ ಬಾನೆಟ್ ಕೆಳಗೆ ಕೈಯಿಟ್ಟು ತೋರಿಸೋಕೆ ಹೇಳಿ, ಫೋಟೋ ತೆಗೆದುಕೊಳ್ಳಿ. ಹಳೇ ಪಾರ್ಟ್ ಕೊಟ್ಟರೆ ಅದರ ನಂಬರನ್ನು ನಿಮ್ಮ ಗಾಡಿಯ ಪಾರ್ಟ್ ನಂಬರಿನ ಜೊತೆ ತಾಳೆ ನೋಡಿ. ಆಯಿಲ್ ಡಬ್ಬವನ್ನು ನಿಮ್ಮ ಕಣ್ಣೆದುರೇ ಒಡೆಯಲಿ.

ಕೊನೆಗೆ ಬೆಲ್ಟ್ ಹಿಡಿದುಕೊಂಡು ಆ ಗ್ಯಾರೇಜಿಗೆ ಹೋದೆ. ಮೌಂಟಿಂಗ್ ವಿಷಯ ಎತ್ತಿದರೆ "ಹಾಕಿದೀವಿ ಸಾರ್" ಅಂತ ಒಂದೇ ಹಟ. ಗೇರ್ ಆಯಿಲ್ ಬಗ್ಗೆ "ಎಲ್ಲಾ ಕಡೆ ಅದೇ ಹಾಕೋದು". ಬೆಲ್ಟನ್ನು ಟೇಬಲ್ ಮೇಲಿಟ್ಟಾಗ ಮಾತ್ರ ದನಿ ಇಳಿಯಿತು. ಹುಡುಗರು ತಪ್ಪಿ ಬೇರೆ ಗಾಡಿ ಲೆಕ್ಕ ಸೇರಿಸಿದ್ದಾರೆ ಅಂತ 18,500 ಎಣಿಸಿ ಕೊಟ್ಟ. ಎದ್ದು ಹೊರಟಾಗ, "ಆ ಬೆಲ್ಟ್ ಇಲ್ಲೇ ಬಿಟ್ಟೋಗಿ ಸಾರ್" ಅಂದ. ಕೊಡಲಿಲ್ಲ. ಈಗ ತೋಟದ ಗೇಟು ಗಾಳಿಗೆ ಬಡಿಯದ ಹಾಗೆ ಕಲ್ಲುಕಂಬಕ್ಕೆ ಅದರಲ್ಲೇ ಕಟ್ಟಿದ್ದೇನೆ, ಈ ಮಳೆಗಾಲ ತಡೆದಿದೆ.