ಹೊಂಗ್‌ತ್ಸುನ್‌ನಲ್ಲಿ ಎರಡು ರಾತ್ರಿ: ಹಳ್ಳಿ ಮತ್ತು ನಾವು ಉಳಿದ ಮನೆ

ಚೀನಾದ ಆನ್‌ಹುಯಿ ಪ್ರಾಂತ್ಯದ ಹೊಂಗ್‌ತ್ಸುನ್ ಹಳ್ಳಿಗೆ ಎಪ್ಪತ್ತು ದಾಟಿದ ಅಮ್ಮನನ್ನೂ ಕಾಲೇಜಿನಲ್ಲಿ ಓದುತ್ತಿರುವ ಮಗಳನ್ನೂ ಕರೆದುಕೊಂಡು ಹೋಗಿ, ಅತಿಥಿಗೃಹವಾಗಿ ಬದಲಾದ ಹಳೆಯ ಮನೆಯೊಂದರಲ್ಲಿ ಎರಡು ರಾತ್ರಿ ಉಳಿದಿದ್ದೆ. ನೆರೆಯ ಶೀದಿ ಹಳ್ಳಿಯ ಜೊತೆಗೆ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರನ್ನು ಮೂವರೂ ಮೆಚ್ಚಿದೆವು. ಆದರೆ ಮೂವರೂ ನೋಡಿದ್ದು ಒಂದೇ ಊರನ್ನೇ ಎಂಬ ಬಗ್ಗೆ ನನಗೆ ಅನುಮಾನವಿದೆ.

ಬಿಳಿ ಗೋಡೆಗಳು, ಕಪ್ಪು ಹೆಂಚುಗಳು, ಬೆಂಕಿ ಪಕ್ಕದ ಮನೆಗೆ ಹರಡದಂತೆ ಮಾಡಿಗಿಂತ ಎತ್ತರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ 'ಕುದುರೆತಲೆ' ಗೋಡೆಗಳು ಅರ್ಧಚಂದ್ರಾಕಾರದ ಕೊಳದಲ್ಲಿ ಪ್ರತಿಬಿಂಬಿಸುವ ಕಡೆ, ಬಾಡಿಗೆಗೆ ತಂದ ಹಾನ್‌ಫು ಎಂಬ ಸಾಂಪ್ರದಾಯಿಕ ಉಡುಪು ತೊಟ್ಟ ಚೀನೀ ಹುಡುಗಿಯರು ಫೋಟೊಗೆ ಸರದಿಯಲ್ಲಿ ಕಾಯುತ್ತಿದ್ದರು. ಮಗಳೂ ಅವರ ನಡುವೆ ನಿಂತಾಗ ಮೂಗು ಮುರಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಉಪ್ಪಿನ ವ್ಯಾಪಾರಿಯೊಬ್ಬ 1855ರಲ್ಲಿ ಕಟ್ಟಿಸಿದ ಚೆಂಗ್‌ಝಿ ಸೌಧದಲ್ಲಿ, ನಾನು ಮಾಹ್‌ಜಾಂಗ್ ಆಟಕ್ಕೆ ಮತ್ತು ಅಫೀಮು ಸೇದಲು ಮೀಸಲಿದ್ದ ಕೋಣೆಗಳ ಫಲಕಗಳನ್ನು ಓದುತ್ತಾ ನಿಂತಿದ್ದರೆ, ದೀಪೋತ್ಸವ ಆಚರಿಸುವ ನೂರು ಬಾಲಕರನ್ನು ಕೆತ್ತಿದ ತೊಲೆಯನ್ನು ಫೋನಿನಲ್ಲಿ ಹಿಗ್ಗಿಸಿ, ಡೋಲು ಬಾರಿಸುವ ಪೋರನನ್ನು ನನಗೆ ತೋರಿಸಿದ್ದು ಅವಳೇ. ಬರಿಗಣ್ಣಿಗೆ ನನಗೆ ಅಲ್ಲಿ ಹೊಳೆಯುವ ಮರವಷ್ಟೇ ಕಂಡಿತ್ತು.

ಅಮ್ಮನಿಗೆ ಈ ಸೌಧ ಅಷ್ಟಾಗಿ ರುಚಿಸಲಿಲ್ಲ. ನಾವು ಉಳಿದ ಮನೆಯ ನಡುವಿನ ತೆರೆದ ಅಂಗಳವನ್ನು ಕಂಡು ಮಾತ್ರ, "ಇದು ನಮ್ಮ ತೊಟ್ಟಿಮನೆಯೇ ಕಣೋ" ಎಂದು ಕುರ್ಚಿ ಎಳೆದುಕೊಂಡು ಕುಳಿತರು. ನಾಲ್ಕೂ ಕಡೆಯ ಮಾಡಿನ ನೀರು ಒಳಗೇ ಬಿದ್ದರೆ ಸಂಪತ್ತು ಮನೆಯಲ್ಲೇ ಉಳಿಯುತ್ತದೆ ಎಂಬ ಅಲ್ಲಿನವರ ನಂಬಿಕೆಯನ್ನು ಮನೆಯೊಡತಿ ಫೋನಿನ ಅನುವಾದದ ಮೂಲಕ ವಿವರಿಸಿದಾಗ, ಅಮ್ಮ ಅನುವಾದ ಮುಗಿಯುವ ಮೊದಲೇ ತಲೆಯಾಡಿಸಿದ್ದರು. ಮರುದಿನ ಬೆಳಗ್ಗೆ ಆರಕ್ಕೆ ಬೀದಿಯ ಕಾಲುವೆಯಲ್ಲಿ ಮುದುಕಿಯೊಬ್ಬಳು ಸೊಪ್ಪು ತೊಳೆಯುತ್ತಿದ್ದಳು. ಮಲಗಿದ ಎತ್ತಿನ ಆಕಾರದಲ್ಲಿದೆ ಎನ್ನುವ ಈ ಊರಿಗೆ ಕೊಳವೇ ಹೊಟ್ಟೆ, ಆರು ಶತಮಾನಗಳಷ್ಟು ಹಳೆಯ ಈ ಕಾಲುವೆಯೇ ಕರುಳು. ಬೆಳಗಿನ ಹೊತ್ತು ಕುಡಿಯುವ ನೀರಿಗೆ, ಅನಂತರವೇ ಬಟ್ಟೆ ಒಗೆಯಲು ಎಂಬ ಕಟ್ಟಳೆ ಹಿಂದೆ ಇತ್ತೆಂದು ಹೇಳುತ್ತಾರೆ. ಅಮ್ಮ ಪಕ್ಕದ ಕಲ್ಲಿನ ಮೇಲೆ ಕುಳಿತು ಅರ್ಧ ಗಂಟೆ ಅದನ್ನೇ ನೋಡಿದರು. ಎಂಟೂವರೆಗೆ ಪ್ರವಾಸಿ ಬಸ್ಸುಗಳು ಬಂದ ಮೇಲೆ ಆ ಕಲ್ಲು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹಗಲಿನ ವ್ಯವಸ್ಥೆಯೆಲ್ಲ ನನ್ನ ಮಗಳ ವಯಸ್ಸಿನವರಿಗಾಗಿ ಚೆನ್ನಾಗಿಯೇ ಇದೆ. ಅಮ್ಮನಿಗೆ ಬೇಕಾದದ್ದು ಸಿಗುವುದು ರಾತ್ರಿ ಉಳಿದವರಿಗೆ ಮಾತ್ರ, ಅದೂ ಸ್ಥಳೀಯರು ಅಲ್ಲಿ ಬಾಳುತ್ತಿರುವವರೆಗೆ.

ಇನ್ನು ವಸತಿಯ ವಿಚಾರ. ಹಾಸಿಗೆಯೂ ಸ್ನಾನದ ಕೋಣೆಯೂ ಚೊಕ್ಕಟವಾಗಿದ್ದವು (ನನ್ನ ತಲೆಮಾರಿನವರು ಮೊದಲು ನೋಡುವುದು ಇದನ್ನೇ). ಸೋಯಾ ಹಾಲಿನ ಗಿಣ್ಣಿಗೆ ಬೂಷ್ಟು ಬರಿಸಿ ಕರಿದ 'ಕೂದಲು ತೋಫು' ಮೂವರಿಗೂ ಹಿಡಿಸಿತು. ಆದರೆ ಸಸ್ಯಾಹಾರ ಎಂದು ಹೇಳಿದ್ದರೂ ಸೊಪ್ಪಿನ ಪಲ್ಯದಲ್ಲಿ ಹಂದಿಮಾಂಸದ ಚೂರುಗಳಿದ್ದವು. ಎದುರಿನ ಬಾರಿನ ಸಂಗೀತ ರಾತ್ರಿ ಹನ್ನೊಂದಾದರೂ ನಿಲ್ಲಲಿಲ್ಲ. ಮರದ ಏಣಿಮೆಟ್ಟಿಲು ಕಡಿದಾಗಿದೆ ಎಂಬುದನ್ನು ಕೋಣೆ ಕಾಯ್ದಿರಿಸುವಾಗ ಯಾರೂ ತಿಳಿಸಿರಲಿಲ್ಲ. ಮೊದಲ ರಾತ್ರಿ ಅಮ್ಮ ಒಂದೊಂದೇ ಮೆಟ್ಟಿಲನ್ನು ಕುಳಿತು ಇಳಿದರು. ಹಿರಿಯರ ಜೊತೆ ಹೋಗುವವರು ವಾರಾಂತ್ಯ ಬಿಟ್ಟು ಹೋಗಿ, ತೊಟ್ಟಿಗೆ ಬಾಗಿಲು ತೆರೆಯುವ ನೆಲಮಹಡಿಯ ಕೋಣೆಯನ್ನೇ ಕೇಳಿ ಪಡೆಯಿರಿ.