ವಿನೋಬನಗರದ ಮಿಕ್ಸಿಂಗ್ ರೂಮು: ಎಡಿಟ್‌ಗೆ ಕಣ್ಮುಚ್ಕೊಂಡು ಹೋಗಿ, ರೀಮಿಕ್ಸ್‌ಗೆ ಸ್ವಲ್ಪ ಕೇಳ್ಕೊಂಡು ಹೋಗಿ

ರಿಸೆಪ್ಷನ್ ಡ್ಯಾನ್ಸಿಗೋ ಕಾಲೇಜ್ ಡೇಗೋ ಗಣಪತಿ ಮೆರವಣಿಗೆಗೋ ಶಿವಮೊಗ್ಗದಲ್ಲಿ ಸಾಂಗ್ ಮಿಕ್ಸಿಂಗ್ ಎಲ್ಲಿ ಮಾಡ್ಸೋದು ಅಂತ ಕೇಳ್ತಾನೇ ಇರ್ತೀರಲ್ಲ, ನಾನು ಹೋಗೋದು ವಿನೋಬನಗರದಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ ಮೇಲಿನ ರೂಮಿಗೆ. ಬೋರ್ಡಿಲ್ಲ. ಒಂದು ಲ್ಯಾಪ್‌ಟಾಪು, ಎರಡು ಸ್ಪೀಕರು, ಗೋಡೆಗೆ ಫೋಮು, ಅಷ್ಟೇ. ಅಲ್ಲಿ ಹೋಗಿ "ಅಣ್ಣ ಒಂದು ರೀಮಿಕ್ಸ್ ಮಾಡ್ಕೊಡಿ" ಅಂದ್ರೆ ಅಡ್ವಾನ್ಸ್ ಕೇಳೋಕೂ ಮುಂಚೆ "ಎಡಿಟ್ ಬೇಕಾ, ಬೀಟ್ ಹಾಕ್ಬೇಕಾ, ಮ್ಯಾಶಪ್ಪಾ?" ಅಂತ ಕೇಳ್ತಾರೆ, ನನಗೆ ಇಷ್ಟ ಆಗಿದ್ದೇ ಇದು. ಬೇರೆ ಕಡೆ ಎಲ್ಲದಕ್ಕೂ ರೀಮಿಕ್ಸ್ ಅಂತ್ಲೇ ಬಿಲ್ ಹಾಕ್ತಾರೆ ಮಾರ್ರೆ, ಅರ್ಧ ಗಂಟೆ ಕೆಲಸಕ್ಕೂ ಮೂರು ದಿನದ ಕೆಲಸಕ್ಕೂ ಒಂದೇ ರೇಟು.

ಎಡಿಟ್ ಅಂದ್ರೆ ಇರೋ ಹಾಡನ್ನೇ ಕತ್ತರಿಸಿ ಜೋಡಿಸೋದು, ಹೊಸದಾಗಿ ಎಂತದೂ ಸೇರ್ಸಲ್ಲ. ಎರಡನೇ ಚರಣ ತೆಗಿ, ಪಲ್ಲವಿ ಇನ್ನೊಂದ್ಸಲ ಬರ್ಲಿ, ಕೊನೆಗೆ ಪಟ್ ಅಂತ ನಿಲ್ಲಲಿ, ಈ ಥರ. ಇದ್ರಲ್ಲಿ ಈ ಅಣ್ಣನ್ನ ಮೀರ್ಸೋರಿಲ್ಲ, ನಮ್ಮ ಚಿಕ್ಕಪ್ಪನ ಮಗಳ ರಿಸೆಪ್ಷನ್‌ಗೆ ಐದು ಹಾಡು ಜೋಡಿಸಿ ಕೊಟ್ರು, ಕಟ್ ಎಲ್ಲಿದೆ ಅಂತ ಹೆಡ್‌ಫೋನ್ ಹಾಕ್ಕೊಂಡು ಹುಡುಕಿದ್ರೂ ಸಿಗ್ಲಿಲ್ಲ. ಮೆರವಣಿಗೆಗೆ ಹಾಡು ಬೇಕು ಅನ್ನೋರು ಮಾತ್ರ ಎಕ್ಸ್‌ಟೆಂಡೆಡ್ ಅಂತ ಬಾಯ್ಬಿಟ್ಟು ಹೇಳಿ. ರೇಡಿಯೋ ಎಡಿಟ್ ಮೂರು ಮೂರೂವರೆ ನಿಮಿಷಕ್ಕೆ ಮುಗಿದ್ಹೋಗುತ್ತೆ, ಎಕ್ಸ್‌ಟೆಂಡೆಡ್ ಮಿಕ್ಸ್ ಆದ್ರೆ ಐದಾರು ನಿಮಿಷ, ಹಿಂದೆ ಮುಂದೆ ಬರೀ ಡ್ರಮ್ ಇರುತ್ತೆ, ಡಿಜೆ ಮುಂದಿನ ಹಾಡನ್ನ ಅದರ ಮೇಲೆ ತಂದು ಕೂರಿಸ್ಬೋದು. ಈ ಉದ್ದ ಮಾಡೋ ಚಾಳಿ ಇವತ್ತಿಂದಲ್ಲ, 1970ರ ದಶಕದಲ್ಲಿ ನ್ಯೂಯಾರ್ಕಲ್ಲಿ ಟಾಮ್ ಮೌಲ್ಟನ್ ಅನ್ನೋರು ಡಿಸ್ಕೋ ಹಾಡುಗಳನ್ನ ಕುಣಿಯೋರಿಗೋಸ್ಕರ ಎಳೆದು ಉದ್ದ ಮಾಡಿದ್ರು, ಆಮೇಲೆ ಅದಕ್ಕಂತ್ಲೇ 12 ಇಂಚಿನ ಸಿಂಗಲ್ ರೆಕಾರ್ಡ್ ಬಂತು, ಅಂದ್ರೆ ದೊಡ್ಡ ತಟ್ಟೆ ಆದ್ರೂ ಒಂದು ಬದಿಗೆ ಒಂದೇ ಹಾಡು.

ಇನ್ನು ರೀಮಿಕ್ಸ್. ನಿಜವಾದ ರೀಮಿಕ್ಸ್ ಅಂದ್ರೆ ಹಾಡಿನ ಕಂಪನಿನೇ ವಾಯ್ಸು, ಡ್ರಮ್ಸು, ಬೇಸು ಬೇರೆಬೇರೆ ಫೈಲ್ ಕೊಟ್ಟು ಇದನ್ನ ಹೊಸದಾಗಿ ಮಾಡು ಅಂತ ಒಪ್ಪಿ ಮಾಡ್ಸೋದು. ನಾವು ನೀವು ಮಾಡ್ಸೋದೆಲ್ಲ ಬೂಟ್‌ಲೆಗ್ಗು, ಪರ್ಮಿಷನ್ ಇಲ್ಲ. ಇದನ್ನ ಆ ಅಣ್ಣನೇ ಮುಖಕ್ಕೆ ಹೇಳ್ತಾರೆ, "ಯೂಟ್ಯೂಬಿಗೆ ಹಾಕಿದ್ರೆ ಕಂಟೆಂಟ್ ಐಡಿ ಹಿಡಿಯುತ್ತೆ, ಆಮೇಲೆ ನನ್ ಹತ್ರ ಬರ್ಬೇಡಿ" ಅಂತ. ಕಂಟೆಂಟ್ ಐಡಿ ಅಂದ್ರೆ ಬೇರೆಯವರ ಹಾಡನ್ನ ತಾನೇ ಪತ್ತೆ ಹಚ್ಚೋ ಯೂಟ್ಯೂಬ್ ವ್ಯವಸ್ಥೆ. ಪರ್ಮಿಷನ್ ಇಲ್ದಿದ್ರೆ ಬೇರೆಬೇರೆ ಫೈಲ್ ಎಲ್ಲಿಂದ ಬರುತ್ತೆ? ಸಾಫ್ಟ್‌ವೇರ್‌ನಲ್ಲಿ ಹಾಡಿಂದ ವಾಯ್ಸ್ ಬಿಡಿಸ್ತಾರೆ. 2019ರಲ್ಲಿ ಡೀಜರ್ ಅನ್ನೋ ಮ್ಯೂಸಿಕ್ ಸ್ಟ್ರೀಮಿಂಗ್ ಕಂಪನಿ ಸ್ಪ್ಲೀಟರ್ ಅನ್ನೋ ಸಾಫ್ಟ್‌ವೇರನ್ನ ಫ್ರೀ ಬಿಟ್ಮೇಲೆ ಇದು ಎಲ್ರ ಕೈಗೂ ಬಂತು, ಈಗ ಇನ್ನೂ ಚೆನ್ನಾಗಿರೋವೂ ಇದಾವೆ. ಆದ್ರೂ ಹಳೇ ಹಾಡಿಂದ ಬಿಡಿಸಿದ ವಾಯ್ಸು ಬಾವಿಯೊಳಗಿಂದ ಹಾಡಿದಂಗೆ ಕೇಳುತ್ತೆ, ಇವರದ್ದೂ ಹಂಗೇ. ದೊಡ್ಡ ಸ್ಪೀಕರಲ್ಲಿ ಬೇಸ್ ಅಡಿ ಮುಚ್ಚಿಹೋಗುತ್ತೆ, ಕಾರಲ್ಲಿ ಕೇಳಿದ್ರೆ ಗೊತ್ತಾಗುತ್ತೆ.

ನನ್ನ ತಕರಾರು ಇರೋದು ಡೊಳ್ಳಿನ ವಿಷಯದಲ್ಲಿ. ಸಾಗರದ ಕಡೆ ನಮ್ಮ ಹುಡುಗರು ಡೊಳ್ಳು ಬಾರಿಸಿದ್ದನ್ನ ರೆಕಾರ್ಡ್ ಮಾಡಿ, ಇದಕ್ಕೆ ಹೌಸ್ ಬೀಟ್, ಅಂದ್ರೆ ಕ್ಲಬ್ಬಲ್ಲಿ ಬರೋ ಒಂದೇ ಸಮದ ಡ್ಯಾನ್ಸ್ ಬೀಟ್, ಸೇರ್ಸಿ ಅಂತ ಕೊಟ್ವಿ. ಡೊಳ್ಳು ಮೆಷಿನ್ ಅಲ್ವಲ್ಲ, ನಿಧಾನಕ್ಕೆ ಶುರುವಾಗಿ ಏರ್ತಾ ಏರ್ತಾ ಹೋಗುತ್ತೆ, ಕುಣಿಯೋರಿಗೆ ಮೈಮೇಲೆ ಬರೋದೇ ಆ ಏರಲ್ಲಿ. ಇವರು ಎಂತ ಮಾಡಿದ್ರು ಅಂದ್ರೆ ಒಂದೊಂದು ಪೆಟ್ಟನ್ನೂ ಎಳೆದು ಪೂರ್ತಿ 128 ಬಿಪಿಎಂಗೆ, ಅಂದ್ರೆ ನಿಮಿಷಕ್ಕೆ 128 ಬೀಟಿನ ವೇಗಕ್ಕೆ, ಕೂರಿಸಿಬಿಟ್ರು. ಲೆಕ್ಕಕ್ಕೆ ಸರಿ, ಕೇಳೋಕೆ ಸಪ್ಪೆ. ಮೊದಲಿಂದ ಕೊನೆವರೆಗೂ ಒಂದೇ ಸಮ, ಉಸಿರೇ ಇಲ್ಲ. ಬೀಟನ್ನ ಡೊಳ್ಳಿನ ಹಿಂದೆ ಓಡ್ಸಿ, ಡೊಳ್ಳನ್ನ ಬೀಟಿಗೆ ಕಟ್ಟಬೇಡಿ ಅಂತ ಕೂತು ಹೇಳ್ಬೇಕಾಯ್ತು. ಹೇಳಿದ್ಮೇಲೆ 112ರಿಂದ 128ಕ್ಕೆ ಏರೋ ಹಂಗೆ ಮಾಡಿಕೊಟ್ರು, ಅದು ಮಾತ್ರ ಬೆಂಕಿ, ಮಧ್ಯದಲ್ಲಿ ತಾಳ ಒಂದನ್ನೇ ಉಳಿಸಿ ಎಕೋ ಹಾಕಿದಾರಲ್ಲ, ಜಮೈಕಾದಲ್ಲಿ ರೆಗೇ ಹಾಡುಗಳನ್ನ ಹಿಂಗೆ ಬಿಡಿಸಿ ಡಬ್ ಅಂತ ಮಾಡ್ತಿದ್ದೋರ ಕೆಲಸ ಅದು, ಅಲ್ಲಿ ನಮ್ಮ ಹುಡುಗರು ಅರಚಿದ್ದೇ ಅರಚಿದ್ದು.

ಮ್ಯಾಶಪ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಒಂದು ಹಾಡಿನ ವಾಯ್ಸು ಇನ್ನೊಂದರ ಮ್ಯೂಸಿಕ್ಕು, ಶ್ರುತಿ ಹೊಂದಿದ್ರೆ ಮಾಡ್ತಾರೆ, ಹೊಂದದಿದ್ರೆ ಆಗಲ್ಲ ಅಂತ ವಾಪಸ್ ಕಳಿಸ್ತಾರೆ. ಒಳ್ಳೇದೇ. ನಾನಿದ್ದಾಗ ಒಬ್ಬ ಹುಡುಗ ಬಂದು ವಿಐಪಿ ಮಿಕ್ಸ್ ಬೇಕು, ದುಡ್ಡು ಜಾಸ್ತಿ ಕೊಡ್ತೀನಿ ಅಂದ, ಡ್ರಮ್ ಆ್ಯಂಡ್ ಬೇಸ್ ಅನ್ನೋ ಫಾಸ್ಟ್ ಡ್ಯಾನ್ಸ್ ಮ್ಯೂಸಿಕ್ ಕೇಳೋ ಹುಡುಗ ಇರ್ಬೇಕು. "ಅದನ್ನ ಹಾಡು ಮಾಡಿದೋನೇ ತಿರುಗಾ ಮಾಡ್ಬೇಕು ಕಣೋ, ನಾನು ಮಾಡಿದ್ರೆ ವಿಐಪಿ ಆಗಲ್ಲ" ಅಂತ ದುಡ್ಡು ಬಿಟ್ಟು ಕಳ್ಸಿದ್ರು.

ಹಾಡಿನ ನಡುವೆ ತನ್ನ ಹೆಸರು ಕೂಗ್ಸೋ ಚಟ ಇವರಿಗಿಲ್ಲ, ಅದಕ್ಕೇ ಅರ್ಧ ಸ್ಟಾರ್ ಜಾಸ್ತಿ. ಚೌತಿ ಹದಿನೈದು ದಿನ ಇದೆ ಅನ್ನುವಾಗ ಹೋದ್ರೆ ಫೋನೂ ಎತ್ತಲ್ಲ, ಅದಕ್ಕೆ ಅದೇ ಅರ್ಧ ಸ್ಟಾರ್ ವಾಪಸ್. ನಾನು ಕೊಟ್ಟಿದ್ದು ಎಡಿಟ್‌ಗೆ 300, ಬೀಟ್ ಹಾಕಿ ಮಾಡಿದ್ದಕ್ಕೆ 1500, ಎರಡು ಸಲ ತಿದ್ದೋದು ಅದ್ರಲ್ಲೇ ಸೇರಿದೆ. ಫೈಲನ್ನ ವಾಟ್ಸಾಪಲ್ಲಿ ಕಳ್ಸಿ ಅನ್ಬೇಡಿ, ಪೆನ್‌ಡ್ರೈವ್ ತಗೊಂಡ್ಹೋಗಿ ಕ್ವಾಲಿಟಿ ಇಳಿಸದ ವೇವ್ (WAV) ಫೈಲ್ ಕೇಳಿ ಹಾಕ್ಸ್ಕೊಳ್ಳಿ.