ಎಂ.ಎ. ಅರ್ಥಶಾಸ್ತ್ರ: ಎರಡು ವರ್ಷ ಬಳಸಿ ನೋಡಿದವಳ ಮಾತು

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಫೋನುಗಳು ಜಾಸ್ತಿ. "ಅಕ್ಕಾ, ನೀನು ಎಕನಾಮಿಕ್ಸ್ ಮಾಡಿದ್ದೀಯಲ್ಲ, ನಾನೂ ತಗೊಳ್ಲಾ?" ಈ ಸಲ ಕೇಳಿದ್ದು ಚಿಕ್ಕಪ್ಪನ ಮಗಳು. ಮಿಕ್ಸಿ, ಕುಕ್ಕರಿಗೆಲ್ಲ ಜನ ವಿಮರ್ಶೆ ಬರೀತಾರೆ. ಅಪ್ಪನ ದುಡ್ಡಲ್ಲಿ ಕೊಂಡ ಡಿಗ್ರಿಗೆ ಯಾಕೆ ಬರೆಯಬಾರದು ಅನ್ನಿಸಿತು.

ನಾನು ಕೊಂಡಿದ್ದು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಎಂ.ಎ. ಹೆಸರು ಬೇಡ ಬಿಡಿ. 2015ರಲ್ಲಿ ಸೇರಿ 2017ರಲ್ಲಿ ಮುಗಿಸಿದೆ. ಹಾಸ್ಟೆಲ್ ಊಟ ಸೇರಿಸಿದರೂ ಖರ್ಚು 70 ಸಾವಿರ ದಾಟಲಿಲ್ಲ. ಬೆಲೆಯ ಬಗ್ಗೆ ದೂರಿಲ್ಲ.

ಬಿಎಯಲ್ಲಿ ನನ್ನದು ಹೆಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ಅದೂ ಕನ್ನಡ ಮಾಧ್ಯಮ. ಗಣಿತಕ್ಕೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದಿದ್ದೆ. ಅರ್ಥಶಾಸ್ತ್ರ ಅಂದ್ರೆ ಪಂಚವಾರ್ಷಿಕ ಯೋಜನೆ, ಬಡತನ, ಬೇಡಿಕೆಯ ನಿಯಮ. ಪುಟ ತುಂಬಿಸಿದರೆ ಆಯ್ತು ಅಂದುಕೊಂಡಿದ್ದೆ. ಎಂ.ಎ.ಯ ಮೊದಲ ವಾರವೇ ಬೋರ್ಡ್ ತುಂಬ ಲೆಕ್ಕ. ಕೈಯಲ್ಲಿ ಇಷ್ಟು ದುಡ್ಡು, ಎದುರಿಗೆ ಎರಡು ವಸ್ತು, ಯಾವುದನ್ನು ಎಷ್ಟು ಕೊಂಡರೆ ತೃಪ್ತಿ ಜಾಸ್ತಿ? ನಡುವೆ ಲ್ಯಾಮ್ಡಾ ಅಂತ ಒಂದು ಗ್ರೀಕ್ ಅಕ್ಷರ. ತಲೆಕೆಳಗಾದ 'ವೈ' ಥರ ಬರೆದುಕೊಂಡು ಸುಮ್ನೆ ಕೂತೆ. ಅದರ ಅರ್ಥ ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ, ಮೆಸ್ಸಿನಲ್ಲಿ. ಬಿಎಸ್ಸಿ ಮಾಡಿ ಬಂದಿದ್ದ ಗೆಳತಿ ಹೇಳಿದಳು: "ಕೈಯಲ್ಲಿ ಇನ್ನೊಂದೇ ರೂಪಾಯಿ ಇದ್ದಿದ್ರೆ ತೃಪ್ತಿ ಎಷ್ಟು ಹೆಚ್ಚುತ್ತಿತ್ತು ಅನ್ನೋದು ಕಣೇ ಅದು." ಇಷ್ಟೇನಾ! ಇದನ್ನು ಕನ್ನಡದಲ್ಲಿ ಒಂದು ಸಲ ಹೇಳಿದ್ದರೆ ಕ್ಲಾಸಿನ ಅರ್ಧ ಜನಕ್ಕೆ ಜೀವ ಬರುತ್ತಿತ್ತು.

ನನ್ನ ದೊಡ್ಡ ದೂರು ಎಕನಾಮೆಟ್ರಿಕ್ಸ್, ಅಂದ್ರೆ ಅಂಕಿಅಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಪೇಪರಿನದು. ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಂದಾಜು ಮಾಡುವ ರಿಗ್ರೆಷನ್ ಸೂತ್ರ ಉರು ಹೊಡೆದೆವು, ಕಂಪ್ಯೂಟರಿನಲ್ಲಿ ಒಂದು ಸಲವೂ ಮಾಡಿ ನೋಡಲಿಲ್ಲ. ಲ್ಯಾಬ್ ಇತ್ತು. 20 ಕಂಪ್ಯೂಟರ್ ಇದ್ದವು. ಬಾಗಿಲಿಗೆ ಬೀಗವೂ ಇತ್ತು. ಬೀಗದ ಕೈ ಯಾರ ಹತ್ತಿರ ಅನ್ನೋದೇ ನಮ್ಮ ಎರಡು ವರ್ಷದ ಸಂಶೋಧನೆ. ಕೊನೆಗೆ ಕೋರ್ಸ್ ಮುಗಿದ ಮೇಲೆ, ಹಳೇ ಲ್ಯಾಪ್‌ಟಾಪಿನಲ್ಲಿ 'ಆರ್' ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ಹಾಕಿಕೊಂಡು ನಾನೇ ಕಲಿತೆ. ಆರ್ ಪುಕ್ಕಟೆ. ಅದಕ್ಕೆ ಬೇಕಾದ ಅಂಕಿಅಂಶ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಪುಕ್ಕಟೆ.

ಒಳ್ಳೇದೇನೂ ಇರಲಿಲ್ಲವೇ? ಇತ್ತು. ಒಬ್ಬರು ಮೇಷ್ಟ್ರು ರಾಜ್ಯದ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ಲೆಕ್ಕ ಹಾಕಿದ ನಂಜುಂಡಪ್ಪ ಸಮಿತಿಯ ವರದಿ ತಂದು, ನಿಮ್ಮ ನಿಮ್ಮ ತಾಲ್ಲೂಕು ಹುಡುಕಿ ಅಂದರು. 2002ರ ವರದಿ ಅದು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. 'ಹಿಂದುಳಿದ' ಅನ್ನೋದು ಅಲ್ಲಿಯವರೆಗೆ ನನಗೆ ಭಾಷಣದ ಮಾತು. 35 ಸೂಚಕ ಇಟ್ಟುಕೊಂಡು ಅದನ್ನು ಅಳೆಯಬಹುದು ಅಂತ ಗೊತ್ತಾದ ದಿನ ರಾತ್ರಿ ನಿದ್ದೆ ತಡವಾಯಿತು.

ಡಿಗ್ರಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ ಮನೆಮನೆ ಸಮೀಕ್ಷೆ. ಒಂದು ಹಳ್ಳಿಯಲ್ಲಿ "ಕೆಲಸ ಮಾಡ್ತೀರಾ ಅಮ್ಮಾ?" ಅಂದೆ. "ಇಲ್ಲಮ್ಮ, ಮನೇಲೇ ಇರ್ತೀನಿ." ಹಾಗಂದವರ ಕೈಯಲ್ಲಿ ಹಾಲಿನ ಕ್ಯಾನು, ಹೊರಟಿದ್ದು ಡೇರಿಗೆ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನದಲ್ಲಿ ಒಂದು ಗಂಟೆ ದುಡಿದರೂ ಉದ್ಯೋಗಸ್ಥರೇ. ಸಂಬಳವಿಲ್ಲದೆ ಮನೆಯ ಹೈನುಗಾರಿಕೆಯಲ್ಲಿ ದುಡಿದರೂ ಸೇರಬೇಕು. ಇನ್ನೆರಡು ಪ್ರಶ್ನೆ ಕೇಳಿದೆ. ಮೂರು ಹಸು, ಎರಡು ಹೊತ್ತು ಹಾಲು ಕರೆಯುವುದು, ಮೇವು ತರುವುದು, ಎಲ್ಲ ಅವರದೇ. 'ಮನೆಗೆಲಸ ಮಾತ್ರ' ಅಂತ ಹಾಕಿದ್ದನ್ನು ಅಳಿಸಿದೆ. ಆ ಎರಡು ಪ್ರಶ್ನೆ ಕೇಳಬೇಕು ಅಂತ ಹೊಳೆದದ್ದು ಈ ಡಿಗ್ರಿಯಿಂದ. ಈಗ ಅಂಥದೇ ಅಂಕಿಗಳಲ್ಲಿನ ತಪ್ಪುಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ ನನ್ನದು.

ಇನ್ನು ಊರಿನವರ ಪ್ರಶ್ನೆ: "ಬ್ಯಾಂಕಲ್ಲಿ ಸಿಗುತ್ತಾ?" ಬ್ಯಾಂಕ್ ಪಿಒ (ಅಧಿಕಾರಿ ಹುದ್ದೆ) ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತೆ, ಅದಕ್ಕಾಗಿ ಎಂ.ಎ. ಮಾಡಬೇಡಿ. ಎಂ.ಎ.ಯನ್ನೇ ಕೇಳುವ ಬಾಗಿಲುಗಳು ಬೇರೆ. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆ ಒಂದು: ಬರವಣಿಗೆ 1000 ಅಂಕ, ಸಂದರ್ಶನ 200. ಹುದ್ದೆಗಳು ಬೆರಳೆಣಿಕೆ, ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು. ನಾನು ಒಂದು ಸಲ ಬರೆದೆ, ಸಿಗಲಿಲ್ಲ. ಐಎಎಸ್ ಪರೀಕ್ಷೆಯನ್ನಾದರೆ ಅರ್ಥಶಾಸ್ತ್ರವನ್ನೇ ಐಚ್ಛಿಕ ಮಾಡಿಕೊಂಡು ಕನ್ನಡದಲ್ಲಿ ಬರೆಯಬಹುದು. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗಕ್ಕೂ ಪ್ರತ್ಯೇಕ ನೇಮಕಾತಿ ಇದೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಸಂಶೋಧನೆಯ ಹುಚ್ಚಿದ್ದರೆ ಬೆಂಗಳೂರಿನ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). 1972ರಲ್ಲಿ ಅದನ್ನು ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೇ ಅದಕ್ಕೂ ಮೊದಲು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ್ದು.

ಅಂಕ? 5ಕ್ಕೆ 3. ಗಣಿತದ ಭಯ ಇಲ್ಲದವರಿಗೆ 4 ಆಗಬಹುದು.

ತಂಗಿಗೆ ಹೇಳಿದ್ದಿಷ್ಟೇ: ಬಿಎಯಲ್ಲಿ ಜೊತೆಗೆ ಸ್ಟಾಟಿಸ್ಟಿಕ್ಸ್ ಸಿಗುತ್ತಾ ಕೇಳು, ಕಾಲೇಜು ನೋಡಲು ಹೋದಾಗ ಲ್ಯಾಬಿನ ಬಾಗಿಲು ತಳ್ಳಿ ನೋಡು. ನಿನ್ನೆ ಹೋಗಿದ್ದಳಂತೆ. ಬಾಗಿಲು ತೆರೆದೇ ಇತ್ತಂತೆ. ಒಳಗೆ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದರಂತೆ.